‘ಇಲ್ಲ’ ಎಂದು ನಾನು ಬರೆದ ಕೊಳವೆ

ಸುಳ್ಳು ಹೇಳುವುದಕ್ಕೆ ಧೈರ್ಯ ಬೇಕು, ಅದು ನನ್ನಲ್ಲಿಲ್ಲ. ಸುಳ್ಳು ಬರೆಯುವುದಕ್ಕೆ ಮಾತ್ರ ಧೈರ್ಯ ಬೇಡ, ಒಂದು ಕುರ್ಚಿ ಇದ್ದರೆ ಸಾಕು. ಎಪ್ಪತ್ತರ ದಶಕದಲ್ಲಿ ಸವದತ್ತಿಯ ಒಂದು ಸರಕಾರಿ ಕಚೇರಿಯಲ್ಲಿ ಅಂಥ ಕುರ್ಚಿ ನನಗಿತ್ತು. ಬೆಂಗಳೂರಿನಿಂದ ಬರುವ ಸುತ್ತೋಲೆಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ನಿಮ್ಮಲ್ಲಿ ಇಂಥದು ಎಷ್ಟಿದೆ ಎಂದು ಅವರು ಕೇಳುತ್ತಿದ್ದರು, ‘ಇಲ್ಲ’ ಎಂದು ನಾನು ಬರೆಯುತ್ತಿದ್ದೆ. ‘ಇದೆ’ ಎಂದರೆ ಎಲ್ಲಿ, ಏಕೆ, ಎಂದಿನಿಂದ ಎಂದು ಮತ್ತೆ ಮೂರು ಕಾಗದ ಬರುತ್ತವೆ. ‘ಇಲ್ಲ’ ಎಂದರೆ ಅಲ್ಲಿಗೇ ಮುಗಿಯಿತು. ನನ್ನ ಅಕ್ಷರ ಮುತ್ತಿನಂತಿದೆಯೆಂದು ಎಲ್ಲರೂ ಹೊಗಳುತ್ತಿದ್ದರು. ಅದರಲ್ಲೂ ‘ಇಲ್ಲ’ ಎಂಬುದು ಬಹಳ ಚೆಂದ ಬರುತ್ತಿತ್ತು, ಅಭ್ಯಾಸಬಲ.

ಒಂದು ವರ್ಷ ಹೊಸ ಸುತ್ತೋಲೆ ಬಂತು. ಸಮುದ್ರ ದಂಡೆಯಲ್ಲಿ ಹಾಗೂ ಸಂರಕ್ಷಿತ ಸ್ಥಳಗಳ ಸಮೀಪ ಎಣ್ಣೆ ಸಾಗಿಸುವ ಕೊಳವೆಗಳಿದ್ದರೆ ಖುದ್ದು ನೋಡಿ ಬಂದು, ಸೋರದಂತೆ ಕ್ರಮ ಕೈಗೊಂಡು ವರದಿ ಕಳಿಸಬೇಕಂತೆ. ಮೊದಲ ಕಾಲಮ್ಮೇ ಸಮುದ್ರದಿಂದ ಎಷ್ಟು ದೂರ ಎಂದು. ಸವದತ್ತಿಗೆ ಸಮುದ್ರ! ಇಡೀ ಕಚೇರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಲ್ಲಿ ಸಮುದ್ರ ನೋಡಿದವನೆಂದರೆ ನಾನೊಬ್ಬನೇ. ಮದುವೆಯಾದ ಹೊಸದರಲ್ಲಿ ಕಾರವಾರಕ್ಕೆ ಹೋಗಿ, ಹೆಂಡತಿಯ ಎದುರು ಶೂರನಂತೆ ನೀರಿಗಿಳಿದು, ಒಂದು ಕಾಲಿನ ಚಪ್ಪಲಿ ಕಳೆದುಕೊಂಡು ಬಂದಿದ್ದೆ. ಇನ್ನೊಂದನ್ನು ಯಾಕೆ ಮನೆತನಕ ಹೊತ್ತು ತಂದಿರಿ ಎಂದು ಆಕೆ ಇವತ್ತಿಗೂ ಕೇಳುತ್ತಾಳೆ. ಅದನ್ನೆಲ್ಲ ಹೇಳಿ ನಗಿಸುತ್ತ, ನಗುವಿನ ಭರದಲ್ಲೇ ಎಲ್ಲ ಕಾಲಮ್ಮಿಗೂ ‘ಇಲ್ಲ’ ಎಂದು ಬರೆದೆ. ಸಂರಕ್ಷಿತ ಸ್ಥಳದ ಕಾಲಮ್ಮನ್ನು ಓದಲೇ ಇಲ್ಲ. ‘ಸ್ಥಳ ಪರಿಶೀಲಿಸಲಾಗಿದೆ’ ಎಂದು ಕೆಳಗೆ ಸೇರಿಸಿದೆ, ಅದೂ ರೂಢಿಯೇ.

ಮುಂದಿನ ಬೇಸಗೆಯಲ್ಲಿ ತಂಗಿ ಗಂಗವ್ವ ಬಂದಳು. ಆಕೆಯನ್ನು ಕೊಟ್ಟದ್ದು ಹೂಲಿಯ ಕಡೆಯ ಒಂದು ಹಳ್ಳಿಗೆ. ಮನೆಯ ಎದುರಿಗೆ ಹಳೆಯ ಕಲ್ಲಿನ ಗುಡಿ, ‘ಸಂರಕ್ಷಿತ ಸ್ಮಾರಕ, ಮುಟ್ಟಬಾರದು’ ಎಂದು ಹೇಳುವ ಸರಕಾರದ ನೀಲಿ ಫಲಕ, ಪಕ್ಕದಲ್ಲೇ ಓಣಿಗೆಲ್ಲ ಇದ್ದ ಒಂದೇ ಸಿಹಿನೀರಿನ ಬಾವಿ.

“ಅಣ್ಣಾ, ಬಾವ್ಯಾಗಿನ ನೀರು ಎಣ್ಣಿ ನಾರಾಕ ಹತ್ತೇತಿ. ಚಹಾದ ಮ್ಯಾಲ ಬಣ್ಣಬಣ್ಣದ ಪದರು ನಿಂದರತೈತಿ. ಹಿಟ್ಟಿನ ಗಿರಣಿಯಾಂವ ಗುಡಿ ಹಿಂದ ಡೀಸಲ್ ಟಾಕಿ ಇಟ್ಟು, ಅಲ್ಲಿಂದ ಇಂಜಿನ್ನಿಗೆ ನೆಲದಾಗ ಪೈಪ ಹುಗದು ಮೂರು ವರ್ಷಾತು. ಅದು ಸೋರತೈತಿ. ನಿಮ್ಮ ಕಚೇರ್ಯಾಗ ಹೇಳಿ ತಗಸು.”

“ಅಲ್ಲಿ ಪೈಪ ಇಲ್ಲ ತಂಗೀ,” ಎಂದೆ.

“ಇಲ್ಲಂತ ಯಾರ ಹೇಳಿದ್ರು?”

“ನಾನಽ ಬರದೇನಿ.”

ಆಕೆ ನನ್ನ ಮುಖವನ್ನೇ ನೋಡಿದಳು. “ಬರದಾಂವ ನೀನ ಅಲ್ಲಾ? ಹಂಗಾರ ಅಳಸು.”

ಸಾಹೇಬರ ಮುಂದೆ ಹೋಗಿ ನಿಂತೆ. ಅವರು ಕೆಟ್ಟವರಲ್ಲ, ಸಮಾಧಾನದಿಂದ ಕಡತ ತಿರುವಿದರು. “ರಾಯರ, ಇಲ್ಲದ ಪೈಪ ಹೆಂಗ ತಗಸೂದ್ರಿ? ಮೊದಲ ಅದು ಐತಿ ಅನ್ನಬೇಕು. ‘ನಾ ಸ್ಥಳಕ್ಕ ಹೋಗಿದ್ದಿಲ್ಲ, ಸುಳ್ಳ ಬರದೇನಿ’ ಅಂತ ಬರದ ಕೊಡ್ರಿ, ಗಿರಣಿಯಾಂವಗ ಇವತ್ತ ನೋಟೀಸ ಕೊಡತೇನಿ.” ಆಮೇಲೆ ಮೆಲ್ಲಗೆ ಸೇರಿಸಿದರು: “ಬಡ್ತಿ ಯಾದ್ಯಾಗ ನಿಮ್ಮ ಹೆಸರ ಐತಿ. ನೋಡ್ರಿ ಮತ್ತ.”

ಎರಡು ದಿನ ಯೋಚಿಸುತ್ತೇನೆಂದೆ. ಆ ಎರಡು ದಿನ ಮಳೆಗಾಲದವರೆಗೂ ಬೆಳೆದವು. ದಿನಾಲು ಬಿಳಿ ಹಾಳೆ ತೆಗೆದು ‘ನಾನು’ ಎಂದು ಬರೆಯುತ್ತಿದ್ದೆ. ಮುಂದೆ ಪೆನ್ನು ಓಡುತ್ತಿರಲಿಲ್ಲ. ಅತ್ತ ಗಂಗವ್ವ ಮೈಲಿ ದೂರದ ತೋಟದ ಬಾವಿಯಿಂದ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊರುತ್ತಿದ್ದಳು. ಓಣಿಯ ಮಕ್ಕಳಿಗೆ ವಾಂತಿ ಹತ್ತಿದ ಮೇಲೆ ಊರ ಹಿರಿಯರು ಸೇರಿ, ಅಜ್ಜ ಮುತ್ತಜ್ಜರು ಕುಡಿದ ಆ ಬಾವಿಗೆ ಕಲ್ಲು ಮಣ್ಣು ತುಂಬಿಸಿ ಮುಚ್ಚಿದರು. ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಮರುತಿಂಗಳು ಬಡ್ತಿಯ ಪೇಢೆ ಮಾತ್ರ ಸೇರಿತು, ಏನು ಮಾಡಲಿ, ಹಾಳು ನಾಲಗೆ.

ಮರುವರ್ಷ ಅದೇ ಸುತ್ತೋಲೆ ಮತ್ತೆ ಬಂತು. ಈ ಸಲ ಬಸ್ಸು ಹತ್ತಿ ಹೋಗಿ ನೋಡಿದೆ. ಬಾವಿಯಿದ್ದ ಕಡೆ ಕೋಳಿಗಳು ಮಣ್ಣು ಕೆದರುತ್ತಿದ್ದವು. ಬಂದು, ಎದೆ ಗಟ್ಟಿ ಮಾಡಿಕೊಂಡು, ಕೊಳವೆಯ ಕಾಲಮ್ಮಿನಲ್ಲಿ ‘ಒಂದು’ ಎಂದು ಬರೆದೆ. ಅಕ್ಷರ ಸೊಟ್ಟಾಯಿತು. ಹೋದ ವರ್ಷ ಇಲ್ಲದ್ದು ಈ ವರ್ಷ ಎಲ್ಲಿಂದ ಬಂತು ಎಂದು ಮೇಲಿನವರು ಕೇಳುತ್ತಾರೆಂದು ತಿಂಗಳುಗಟ್ಟಲೆ ಹೆದರಿ ಕಾದೆ. ಯಾರೂ ಕೇಳಲಿಲ್ಲ. ನನ್ನ ಹಳೆಯ ‘ಇಲ್ಲ’ವನ್ನು ಬೆಂಗಳೂರಿನಲ್ಲಿ ಯಾರೂ ಓದಿರಲೇ ಇಲ್ಲ. ಗಿರಣಿಯವನಿಗೆ ನೋಟೀಸು ಹೋಯಿತು. ಹದಿನೈದು ದಿನದಲ್ಲಿ ಆತ ಪೈಪು ಕಿತ್ತು ಹಾಕಿದ.

ಗಂಗವ್ವ ಈಗಲೂ ನಮ್ಮ ಮನೆಗೆ ಬರುತ್ತಾಳೆ. ನೀರಿನ ತಂಬಿಗೆ ಕೊಟ್ಟರೆ ಮೊದಲು ಮೂಸುತ್ತಾಳೆ, ಆಮೇಲೆ ಕುಡಿಯುತ್ತಾಳೆ. “ನಮ್ಮ ನೀರು ಚೊಲೋ ಐತಿ ತಂಗೀ,” ಎಂದೆ ಒಮ್ಮೆ.

“ನೋಡಿ ಹೇಳತೀಯೋ, ಹಂಗಽ ಹೇಳತೀಯೋ?” ಎಂದಳು.

ನೋಡಿರಲಿಲ್ಲ.