ಕಂಡಕ್ಟರ್ ಕೈಗೆ ಸಿಕ್ಕ ನಮ್ಮ ಅಡುಗೆ ಪೇಜು

ಕೆಲವರ ಮನೇಲಿ ಹಾಲು ಉಕ್ಕುತ್ತೆ, ಕೆಲವರ ಮನೇಲಿ ಕುಕ್ಕರ್ ಸಿಡಿಯುತ್ತೆ. ನಮ್ಮನೇಲಿ ಅವಾಂತರ ಅಂದ್ರೆ ಫೋನಿಂದಾನೇ ಬರೋದು, ಅದೂ ವಾರ ತಪ್ಪದೆ.

ನಾನು ಮಧುಗಿರೀಲಿ ಅಡುಗೆ ಕಂಟ್ರಾಕ್ಟ್ ಮಾಡ್ತೀನಿ. ಮದುವೆ, ಗೃಹಪ್ರವೇಶ, ನಾಮಕರಣ, ತಿಥಿ, ಎಲ್ಲಾ ಸಸ್ಯಾಹಾರ. ಆರ್ಡರ್ ಬರ್ಲಿ ಅಂತ ಫೋನಲ್ಲಿ ಒಂದು ಪೇಜೂ ಮಾಡ್ಕೊಂಡಿದ್ದೆ. ನಮ್ಮೆಜಮಾನ್ರು ಪಾವಗಡ–ಕೊರಟಗೆರೆ ಪ್ರೈವೇಟ್ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೋರು. ಮಂಡಿನೋವು ಬಂದು ಅವರು ಬಸ್ಸನ್ನ ಬಿಟ್ರು, ಬಸ್ಸು ಅವರನ್ನ ಬಿಡ್ಲಿಲ್ಲ. "ನೀನು ಸೌಟು ಇಡ್ಕೊ, ಪೇಜು ನಾನ್ ನೋಡ್ಕೊತೀನಿ ಬುಡು" ಅಂತ ಫೋನು ಕೈಗೆ ತಗೊಂಡ್ರು. ಬಸ್‌ಸ್ಟ್ಯಾಂಡಲ್ಲಿ ಜನ ಕರೆದೋರಿಗೆ ಪೇಜಲ್ಲಿ ಜನ ಕರೆಯೋದು ಯಾವ ಲೆಕ್ಕ ಅಂತ ನಾನೂ ಒಪ್ಕೊಂಡೆ.

ಅದೇ ಹೊತ್ತಿಗೆ ಶಿರಾ ರಸ್ತೇಲಿ ಹೊಸ ಕಲ್ಯಾಣ ಮಂಟಪ ಎದ್ದಿತ್ತು. ಅಲ್ಲಿನ ಎಲ್ಲಾ ಮದುವೆಗೂ ಒಬ್ಬರೇ ಅಡುಗೆಯೋರು ಅಂತ ಮಂಟಪದ ಯಜಮಾನಿ ತೀರ್ಮಾನ ಮಾಡಿದ್ರು. ಆ ಅಡುಗೆಮನೆ ನನಗೆ ಬೇಕಿತ್ತು. ಕನಸಲ್ಲೂ ಅದೇ ಬರೋ ಅಷ್ಟು ಬೇಕಿತ್ತು. ಕಂಡೋರ ಹಿತ್ತಲಲ್ಲಿ, ಶಾಮಿಯಾನದ ಕೆಳಗೆ, ಗಾಳಿಗೆ ಆರೋ ಒಲೆ ಮುಂದೆ ಇನ್ನೆಷ್ಟು ವರ್ಷ ನಿಲ್ಲೋದು? ನನ್ನ ಜೊತೆ ದುಡಿಯೋ ಹೆಣ್ಮಕ್ಕಳಿಗೂ ವರ್ಷವಿಡೀ ಕೆಲಸ ಸಿಗ್ತಿತ್ತು. ಯಜಮಾನಿ ಒಂದು ಗೃಹಪ್ರವೇಶದಲ್ಲಿ ನನ್ನ ಕೈಯೂಟ ಮಾಡಿದ್ರು. "ಊಟ ಚೆನ್ನಾಗೈತೆ. ಕೊರಟಗೆರೆಯೋರು ಒಬ್ಬರು ಕೇಳ್ತಾವ್ರೆ, ನೀವೂ ಕೇಳ್ತಿದೀರ. ಸ್ವಲ್ಪ ದಿನ ನಿಮ್ಮಿಬ್ಬರ ಪೇಜೂ ನೋಡ್ತೀನಿ" ಅಂದ್ರು.

ಪೇಜು ಅಂದಾಕ್ಷಣ ಮನೆಗೆ ಓಡಿ, ನಮ್ಮೆಜಮಾನ್ರು ಅವತ್ತು ಏನು ಹಾಕಿದಾರೆ ಅಂತ ನೋಡಿದೆ.

ಇನ್ನೇನು ಹೊರಡ್ತು

ಡ್ರೈವರ್ ಇನ್ನೂ ಹೋಟ್ಲಲ್ಲಿ ಟೀ ಕುಡೀತಿದ್ರೂ "ಹೊರಡ್ತು ಹೊರಡ್ತು, ಬೇಗ ಬನ್ನಿ" ಅನ್ನೋದು ಪ್ರೈವೇಟ್ ಬಸ್ಸಿನ ಪದ್ಧತಿ. ಇವರು ದಿನಾ ಬೆಳಿಗ್ಗೆ ಎದ್ದು ಪೇಜಲ್ಲಿ ಹಾಕೋರು: "ಬುಕಿಂಗ್ ಆಫರ್! ಇವತ್ತೇ ಕೊನೆ! ಇನ್ನು ಕೆಲವೇ ಗಂಟೆ!" ಸೋಮವಾರಾನೂ ಕೊನೆ, ಮಂಗಳವಾರಾನೂ ಕೊನೆ. ಯುಗಾದಿಗೆ ಶುರುವಾದ ಕೊನೆ ಗೌರಿ ಹಬ್ಬ ಬಂದ್ರೂ ಮುಗೀಲಿಲ್ಲ.

ಒಂದಿನ ಪಾವಗಡದ ಕಡೆಯ ರೈತರೊಬ್ಬರು ಫೋನ್ ಮಾಡಿದ್ರು. "ಏಮಮ್ಮಾ, ಬಾಗುನ್ನಾರಾ?" ಅಂತ ತೆಲುಗಲ್ಲೇ ಕ್ಷೇಮ ವಿಚಾರಿಸಿ, "ನಿಮ್ ಆಫರು ದಿನಾ ನೋಡ್ತೀನಿ" ಅಂದ್ರು. ನನಗೆ ಖುಷಿಯಾಗಿ, "ಬುಕ್ ಮಾಡ್ಬುಡಿ ಅಣ್ಣ, ತಡ ಮಾಡ್ಬೇಡಿ" ಅಂದೆ.

"ತೊಂದ್ರ ಇಲ್ಲಮ್ಮ, ಮೆಲ್ಲಗಾ ಬರ್ತೀನಿ. ಹುಡುಗಿ ಇನ್ನೂ ಎಂಟನೇ ಕ್ಲಾಸು. ಓದಿ, ಕೆಲ್ಸಕ್ಕೆ ಸೇರಿ, ಅವಳ ಮದುವೆ ಹೊತ್ತಿಗೂ ನಿಮ್ದು ಇವತ್ತೇ ಕೊನೆ ಇದ್ದೇ ಇರುತ್ತಲ್ಲ!"

ಸೀಟ್ ಐತೆ, ಬನ್ನಿ

ನಮ್ಮೆಜಮಾನ್ರ ಬಾಯಲ್ಲಿ "ಇಲ್ಲ" ಅನ್ನೋ ಮಾತು ಬಂದಿದ್ದೇ ಇಲ್ಲ. ಬಸ್ಸಿನ ಟಾಪ್ ಮೇಲೂ ಜಾಗ ಇಲ್ದಿದ್ದಾಗ "ಸೀಟ್ ಐತೆ, ಬನ್ನಿ" ಅಂದೋರು. ಪೇಜಲ್ಲಿ ಯಾರು ಏನು ಕೇಳಿದ್ರೂ ಅದೇ ಉತ್ತರ. ಜಾಮೂನು ಮಾಡ್ತೀರಾ? ಐತೆ, ಬನ್ನಿ. ಚೈನೀಸ್ ಮಾಡ್ತೀರಾ? ಐತೆ, ಬನ್ನಿ.

ಶಿರಾದ ಬಟ್ಟೆ ಅಂಗಡಿ ಸಾಹೇಬರು ಅಂಗಡಿ ದೊಡ್ಡದು ಮಾಡಿದ್ರು. ಆ ಖುಷಿಗೆ ಊಟ ಹಾಕ್ಸೋಕೆ "ಬಿರಿಯಾನಿ ಮಾಡ್ತೀರಾ?" ಅಂತ ಪೇಜಲ್ಲಿ ಕೇಳಿದ್ರು. ಇವರು "ಐತೆ, ಬನ್ನಿ" ಅಂದ್ರು. ನನಗೆ ತಿಳಿದಿದ್ದು ಸಾಹೇಬರು ರುಚಿ ನೋಡೋಕೆ ಮನೆ ಬಾಗಿಲಿಗೆ ಬಂದ ಮೇಲೆ. ಮರ್ಯಾದೆ ಹೋಗುತ್ತಲ್ಲಾ ಅಂತ ಬೀನ್ಸು, ಕ್ಯಾರೆಟ್ಟು, ಬಟಾಣಿ ಹಾಕಿ, ಪುದೀನ ಸ್ವಲ್ಪ ಧಾರಾಳವಾಗೇ ಸುರಿದು ಪಲಾವ್ ಮಾಡಿ ಬಡಿಸಿದೆ. ಅವರು ತಟ್ಟೇಲಿ ಬೆರಳಾಡಿಸಿ ಆ ಕಡೆ ಹುಡುಕಿದ್ರು, ಈ ಕಡೆ ಹುಡುಕಿದ್ರು.

"ಅಮ್ಮಾ, ಊಟ ಬಹುತ್ ಅಚ್ಛಾ. ಆದ್ರೆ ಇದು ಬಿರಿಯಾನಿ ಅಂದ್ರೆ, ನಾಳೆಯಿಂದ ನಾನು ಟವೆಲ್‌ನ ಶೇರ್ವಾನಿ ಅಂತ ಮಾರ್ತೀನಿ."

ಇಂಥ ಅವಕಾಶ ಮತ್ತೆ ಮತ್ತೆ

ಐ.ಡಿ.ಹಳ್ಳೀಲಿ ಒಂದು ತಿಥಿ ಊಟ. ನಾನು ಒಲೆ ಮುಂದೆ ಬೆವರು ಸುರಿಸ್ತಿದ್ರೆ, ಇವರು ಪಂಕ್ತಿ ಉದ್ದಕ್ಕೂ ಓಡಾಡಿ ಫೋಟೋ ಹೊಡೆದ್ರು. ಸಂಜೆ ಪೇಜ್ ನೋಡ್ತೀನಿ, ಹಾರ ಹಾಕಿದ ಅಜ್ಜನ ಫೋಟೋ ಪಕ್ಕದಲ್ಲೇ ನಮ್ಮ ಪಾಯಸ. ಕೆಳಗೆ ಹೂವು, ಚಪ್ಪಾಳೆ, ಜೊತೆಗೆ: "ಸಂತೃಪ್ತ ಗ್ರಾಹಕರು! ಈ ಮನೆಯವರು ನಮಗೆ ಇಂಥ ಅವಕಾಶ ಮತ್ತೆ ಮತ್ತೆ ಕೊಡಲಿ!"

"ರೀ, ಅಳಿಸ್ರೀ ಅದನ್ನ!" ಅಂತ ಕೂಗ್ಕೊಂಡೆ. ಅಳಿಸೋ ಮುಂಚೆ ಆ ಮನೆಯಿಂದ ಫೋನ್ ಬಂತು. ತೀರ್ಕೊಂಡ ಅಜ್ಜನ ಅಣ್ಣ! ನಾನು ಕ್ಷಮೆ ಕೇಳೋಕೆ ಬಾಯಿ ತೆಗೆದೆ. ಅವರಿಗೆ ಕೋಪಾನೇ ಇಲ್ಲ.

"ಮತ್ತೆ ಮತ್ತೆ ಅಂದ್ರೆ ಮುಂದಿನ ಸರದಿ ನಂದೇ ಕಣಮ್ಮ. ನಂಗೆ ಪಾಯಸ ಆಗಾಕಿಲ್ಲ, ಶುಗರ್ ಐತೆ. ನನ್ ತಿಥಿಗೆ ಬೋಂಡ ಮಾಡ್ಸು."

ಓವರ್‌ಟೇಕು

ಬಸ್ಸಿನ ದಿನಗಳಲ್ಲಿ ಇವರ ಎದುರಾಳಿ ಹಿಂದಿನ ಬಸ್ಸು. ಈಗ ಎದುರಾಳಿ ಕೊರಟಗೆರೆ ಅಡುಗೆಯೋನು, ಅದೇ ಮಂಟಪ ಕೇಳಿದ್ದೋನು. ಅವನು ಒಂದಿನ ತನ್ನ ಪೇಜಲ್ಲಿ "ನಮ್ಮಲ್ಲಿ ಊಟದ ಜೊತೆ ಬಾಳೆಹಣ್ಣು ಫ್ರೀ" ಅಂತ ಹಾಕಿದ. ಇವರಿಗೆ ತಡೀಲಿಲ್ಲ. ನೇರವಾಗಿ ಅಲ್ಲೇ ಹೋಗಿ ಕಾಮೆಂಟ್ ಹಾಕಿದ್ರು: "ನಮ್ಮಲ್ಲಿ ಪಾಯಸ ಫ್ರೀ ಕಣ್ಲಾ." ಅವನು "ನಮ್ಮಲ್ಲಿ ಒಬ್ಬಟ್ಟು ಫ್ರೀ" ಅಂದ. ಇವರು "ಒಬ್ಬಟ್ಟಿನ ಮೇಲೆ ತುಪ್ಪ ಫ್ರೀ" ಅಂದ್ರು. ನಾನು ಸೌಟು ಹಿಡ್ಕೊಂಡೇ ಬಂದು ಬೈದೆ, ಕೇಳಿದ್ರೆ ತಾನೆ! ಊರೆಲ್ಲಾ ಕೂತು ನೋಡ್ತಿತ್ತು, ಕೆಲವರು ಇಬ್ಬರಿಗೂ ಸಿಳ್ಳೆ ಹೊಡೀತಿದ್ರು. ಕೊನೆಗೆ ಇವರು ಗೇರ್ ಬದಲಾಯಿಸಿ ಬರೆದೇಬಿಟ್ರು: "ನಮ್ಮಲ್ಲಿ ಊಟಾನೇ ಫ್ರೀ, ಬೀಡಕ್ಕೆ ಮಾತ್ರ ದುಡ್ಡು!"

ಎದುರಾಳಿ ಸೋತು ಸುಮ್ನಾದ. ಅದರ ಕೆಳಗೆ ಮಂಟಪದ ಯಜಮಾನಿಯ ಒಂದೇ ಒಂದು ಪದ ಇತ್ತು: "ನೋಡಿದೆ."

ಭಾನುವಾರ ಬೆಳಿಗ್ಗೆ ಸಿದ್ದರಬೆಟ್ಟಕ್ಕೆ ಹೊರಟಿದ್ದ ಒಂದು ಟೆಂಪೋ ನಮ್ಮನೆ ಮುಂದೆ ನಿಂತಿತು. ತುಂಬಾ ಜನ ಇಳಿದ್ರು. ಮುಂದಿದ್ದೋನು ಆ ಕಾಮೆಂಟಿನ ಫೋಟೋ ತೋರಿಸಿ, ತುಂಬಾ ವಿನಯವಾಗಿ ಹೇಳಿದ:

"ನಮಗ್ಯಾರಿಗೂ ಬೀಡದ ಅಭ್ಯಾಸ ಇಲ್ಲ ಅಕ್ಕ. ಊಟ ಮಾತ್ರ ಸಾಕು."

ಅತ್ತೆಯ ರಿವ್ಯೂ

"ಮಂಟಪ ಹೋಯ್ತು, ನಿಮ್ಮಿಂದಾನೇ ಹೋಯ್ತು" ಅಂತ ನಾನು ಅತ್ತುಬಿಟ್ಟೆ. ಜೋರಾಗೇ ಅತ್ತುಬಿಟ್ಟೆ. ಇವರಿಗೂ ಪಾಪ ಅನ್ನಿಸ್ತು. "ಸುಮ್ಕಿರು, ಒಳ್ಳೆ ರಿವ್ಯೂ ಬಂದ್ರೆ ಎಲ್ಲಾ ಸರಿಯಾಯ್ತದೆ" ಅಂತ ತಾವೇ ಒಂದು ಹೊಗಳಿಕೆ ಬರೆದು ನೆಂಟರಿಗೆಲ್ಲಾ ಕಳಿಸಿದ್ರು. ನೆಂಟರು ತುಂಬಾ ನಿಯತ್ತಿನ ಜನ, ಬಂದಿದ್ದನ್ನ ಒಂದಕ್ಷರ ಬಿಡದೆ ಹಾಗೇ ಪೇಜಿಗೆ ಹಾಕಿದ್ರು. ಹಾಗಾಗಿ ನಮ್ಮ ಪೇಜಿನ ರಿವ್ಯೂ ಎಲ್ಲಾ ಒಂದೇ ಥರ ಶುರುವಾಗ್ತಿತ್ತು: "ಲೇ, ಇದನ್ನ ಕಾಪಿ ಮಾಡಿ ಹಾಕ್ಲಾ. ಅದ್ಭುತವಾದ ಊಟ!"

ಅದನ್ನ ಮುಚ್ಚಾಕೋಕೆ ಇವರು ಇನ್ನೂ ದೊಡ್ಡ ಕೆಲಸಕ್ಕೆ ಕೈ ಹಾಕಿದ್ರು. ನಮ್ಮತ್ತೇನ ಹಜಾರದಲ್ಲಿ ಕುರ್ಚಿ ಹಾಕಿ ಕೂರ್ಸಿ, ಲೈವ್ ಶುರು ಮಾಡಿದ್ರು. ಅತ್ತೆಗೆ ಲೈವ್ ಅಂದ್ರೆ ಏನು ಅಂತ ಗೊತ್ತಿಲ್ಲ. ಆದ್ರೆ ನನ್ನ ಬಗ್ಗೆ ಮಾತಾಡು ಅಂದ್ರೆ ಅವರನ್ನ ಎರಡನೇ ಸಲ ಕರೀಬೇಕಾಗಿಲ್ಲ.

"ಹೇಳವ್ವ, ನಿನ್ ಸೊಸೆ ಅಡುಗೆ ಹೆಂಗೈತೆ?"

ಅತ್ತೆ ಸೆರಗು ಸರಿ ಮಾಡ್ಕೊಂಡು, ಗಂಟಲು ಸರಿ ಮಾಡ್ಕೊಂಡು ಶುರು ಮಾಡಿದ್ರು. "ಏನೇಳಾನ ಮಗ! ಸಾರಿಗೆ ಉಪ್ಪು ಒಂದು ಕಲ್ಲು ಜಾಸ್ತಿ ಆಕ್ತಾಳೆ. ಮದುವೆಯಾಗಿ ಬಂದಾಗಿಂದ ಏಳ್ತಾನೇ ಇವ್ನಿ, ಕಿವಿಗೆ ಆಕ್ಕೊಳಾಕಿಲ್ಲ!"

ಇವರು ಗಾಬರಿಯಾಗಿ ಲೈವ್ ಬಂದ್ ಮಾಡಿದ್ರು. ಕೈತುಂಬಾ ಕಣಕದ ಹಿಟ್ಟು ಮೆತ್ಕೊಂಡು ಒಳಗಿಂದ ನಾನು ಓಡಿ ಬರೋ ಹೊತ್ತಿಗೆ ಊರೆಲ್ಲಾ ಕೇಳಿಸ್ಕೊಂಡಾಗಿತ್ತು. ಇಷ್ಟು ವರ್ಷದ ದುಡಿಮೆ, ನನ್ನನ್ನ ನಂಬಿದ್ದ ಹೆಣ್ಮಕ್ಕಳು, ಎಲ್ಲಾ ಒಂದು ಕಲ್ಲು ಉಪ್ಪಲ್ಲಿ ಕರಗಿಹೋಯ್ತು ಅನ್ನಿಸ್ತು.

ಮಾರನೇ ದಿನ ಮಂಟಪದ ಯಜಮಾನಿ ಮನೆಗೇ ಬಂದ್ರು. ಇಲ್ಲ ಅಂತ ಹೇಳೋಕೆ ಇಷ್ಟು ದೂರ ಬರಬೇಕಿತ್ತಾ ಅಂದ್ಕೊಂಡೆ. ಅವರು ಕೂತ್ಕೊಳ್ಳದೇನೆ ಮಂಟಪದ ಅಡುಗೆಮನೆ ಬೀಗದ ಕೈ ತೆಗೆದು ನನ್ನ ಮುಂದೆ ಹಿಡಿದ್ರು.

"ಆ ಕಾಪಿ ಹೊಗಳಿಕೆ ನೋಡಿ ನಿಮ್ಮನ್ನ ಬೇಡ ಅಂತಲೇ ಮಾಡಿದ್ದೆ ಕಣಮ್ಮ" ಅಂದ್ರು. "ಆಮೇಲೆ ನಿಮ್ಮತ್ತೇನ ನೋಡಿದೆ. ನಾನೂ ಒಬ್ಬ ಅತ್ತೆ ಕೈಕೆಳಗೆ ಬಾಳಿದೋಳು. ಇಷ್ಟು ವರ್ಷ ಸೊಸೆ ಕೈಯಲ್ಲಿ ತಿಂದು, ಊರೆಲ್ಲಾ ಕೇಳೋ ಹಂಗೆ ದೂರು ಹೇಳೋ ಅವಕಾಶ ಸಿಕ್ಕಿ, ಒಬ್ಬ ಅತ್ತೆ ಒಂದೇ ಒಂದು ತಪ್ಪು ಹೇಳಿದ್ರು ಅಂದ್ರೆ, ಆ ಅಡುಗೆಗೆ ಬೇರೆ ಸರ್ಟಿಫಿಕೇಟ್ ಬೇಕಾ?"

ಅವರು ಹೋದ ಕೂಡ್ಲೇ ನಾನು ಒಳಗೆ ಓಡಿ ಅತ್ತೆ ಕಾಲು ಹಿಡ್ಕೊಂಡೆ. ಕಣ್ಣಲ್ಲಿ ನೀರು ನಿಲ್ತಾನೇ ಇಲ್ಲ. "ಅತ್ತೆ, ನಿಮ್ಮ ಬಾಯಿಂದ ಮಂಟಪ ಸಿಕ್ತು. ನೀವು ಒಂದೇ ತಪ್ಪು ಹೇಳಿದ್ದಕ್ಕೆ ಸಿಕ್ತು" ಅಂದೆ.

ಅತ್ತೆ ನನ್ನ ತಲೆ ಸವರಿ, ತುಂಬಾ ಬೇಜಾರಲ್ಲಿ ಹೇಳಿದ್ರು:

"ಉಪ್ಪು ಬರೀ ಶುರು ಕಣಮ್ಮ. ಪಲ್ಯ, ಪಾಯಸ, ಒಬ್ಬಟ್ಟು ಎಲ್ಲಾ ಏಳೋದು ಬಾಕಿ ಇತ್ತು. ಅಷ್ಟ್ರಲ್ಲೇ ನಿನ್ ಗಂಡ ಫೋನ್ ಆಫ್ ಮಾಡ್ಬುಟ್ಟ."