ಪಾರಿವಾಳದ ಗೂಡಿನ ಹಿಂದಿನ ಕಾರು

ನೆಲ್ಲೆಕೆ ಅಂದು ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ಕಾರಣ, ಬಾಗಿಲಲ್ಲಿ ನಿಂತಿದ್ದ ಹದಿನಾಲ್ಕು ವರ್ಷದ ನೀಲಿ ಕಾರು.

ಆರು ವರ್ಷದ ಹಿಂದೆ, ವಿಚ್ಛೇದನದ ನಂತರ ಸ್ವಂತ ಸಂಬಳದಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡ ಮೊದಲ ವಸ್ತು ಅದು. ಐವತ್ತೆರಡರ ವಯಸ್ಸಿನಲ್ಲಿ ಹಾಲೆಂಡ್ ಬಿಟ್ಟು, ಗಡಿ ದಾಟಿ ಬೆಲ್ಜಿಯಂನ ಈ ಹಳ್ಳಿಗೆ ಬರುವಾಗ ಮಂಚ, ಕಪಾಟು ಎಲ್ಲ ಮಾರಿದ್ದಳು. ಕಾರನ್ನು ಮಾತ್ರ ಬಿಟ್ಟಿರಲಿಲ್ಲ. ಇನ್ನು ಹತ್ತು ದಿನಕ್ಕೆ ಹೊಸ ಕೆಲಸ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಕಾರಿಗೆ ಬೆಲ್ಜಿಯಂ ನಂಬರ್ ಇಲ್ಲದಿದ್ದರೆ ಕೆಲಸ ಇಲ್ಲ. ಪುರಸಭೆಯಲ್ಲಿ ವಿಳಾಸ ದಾಖಲಾಗದೆ ನಂಬರ್ ಇಲ್ಲ. ಅವಳು ಹದಿನೇಳನೇ ನಂಬರಿನ ಮನೆಯಲ್ಲೇ ವಾಸವಾಗಿದ್ದಾಳೆಂದು ಬೀಟ್ ಪೊಲೀಸ್ ಫೆರ್ನಾಂಡ್ ಕಣ್ಣಾರೆ ನೋಡದೆ ವಿಳಾಸವೂ ಇಲ್ಲ. ಅವನು ಎರಡು ಸಲ ಬಂದಾಗಲೂ ಇವಳು ಇದೇ ಕಾರಿನ ತಪಾಸಣೆ, ವಿಮೆ ಎಂದು ಅಲೆಯುತ್ತಿದ್ದಳು. ಅಂದು ಶನಿವಾರ, ಅವನು ಬರುವ ಕೊನೆಯ ಸಲ.

"ಈ ಹಾಲೆಂಡ್ ನಂಬರನ್ನ ಬಾಗ್ಲಲ್ಲೇ ನಿಲ್ಸಿದೀಯಲ್ಲ ಮಾರಾಯ್ತಿ!" ಎದುರಿನ ಹದಿನಾಲ್ಕನೇ ನಂಬರಿನ ಗೋಡೆಲೀವ ಬೆಳಿಗ್ಗೆಯೇ ಬಂದು ಎದೆ ಬಡಿದುಕೊಂಡಳು. "ಫೆರ್ನಾಂಡ್ ನೋಡಿದ್ರೆ, ನಾಲ್ಕು ದಿನಕ್ಕೆ ಬಂದಿರೋ ನೆಂಟಳು ಅಂತ ಬರ್ಕೊಂಡು ಹೋಗ್ತಾನೆ."

"ಮತ್ತೇನ್ ಮಾಡ್ಲಿ ಅಕ್ಕ?"

"ನಮ್ಮ ಹಿತ್ಲಿಲ್ವಾ? ಓಮೇರ್ ನಿಲ್ಲಿಸ್ತಾನೆ."

ಗೋಡೆಲೀವಳ ಗಂಡ ಓಮೇರ್ ಕಾರನ್ನು ತನ್ನ ಪಾರಿವಾಳದ ಗೂಡಿನ ಹಿಂದೆ ಬಚ್ಚಿಟ್ಟು ಕೀಲಿ ತಂದುಕೊಟ್ಟ. ಅಂದು ಅವನ ಪಾರಿವಾಳಗಳು ಫ್ರಾನ್ಸಿನಿಂದ ಪಂದ್ಯ ಹಾರಿ ಮನೆಗೆ ಬರುವ ದಿನ. ಅವನ ಒಂದು ಕಣ್ಣು ಆಗಲೇ ಆಕಾಶದಲ್ಲಿತ್ತು.

ಆ ಮುದಿ ಕಾರಿಗೊಂದು ಕಾಯಿಲೆ. ಮೈಮೇಲೆ ನೊಣ ಕೂತರೂ ಅದರ ಅಲಾರಂ ಹೆರಿಗೆ ನೋವು ಬಂದವಳಂತೆ ಕಿರುಚುತ್ತಿತ್ತು. ಹನ್ನೊಂದು ಗಂಟೆಗೆ ಅದರ ಮೇಲೆ ಪಾರಿವಾಳವೊಂದು ಕೂತಿತು.

ಓಮೇರ್ ಟೋಪಿ ಕೈಯಲ್ಲಿ ಹಿಡಿದು ಬೀದಿ ದಾಟಿ ಓಡಿಬಂದ. "ನಿನ್ ಕಾರಿನ ಬಾಯಿ ಮುಚ್ಸು ತಾಯಿ! ನನ್ ಪಾರಿವಾಳ ರಾಣಿ ಹೆದ್ರಿ ಮೇಲೇ ಗಿರಕಿ ಹೊಡೀತಿದಾಳೆ! ಗೂಡೊಳಗೆ ಕಾಲಿಟ್ರೇನೇ ಗೆದ್ದ ಹಾಗೆ!"

"ಫೆರ್ನಾಂಡ್ ಬಂದ್ಬಿಟ್ರೆ?"

"ಎರಡು ನಿಮಿಷ ಕಣಮ್ಮ!"

ಆಗಷ್ಟೇ ತಲೆಗೆ ಸ್ನಾನ ಮಾಡಿದ್ದ ನೆಲ್ಲೆಕೆ ಒದ್ದೆ ಕೂದಲಲ್ಲಿ, ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಓಡಿದಳು. ಕನ್ನಡಕ ಮೇಜಿನ ಮೇಲೆ ಉಳಿಯಿತು. ಕೀಲಿ ತಿರುಗಿಸಿದಳು, ಗುದ್ದಿದಳು, ಕೊನೆಗೆ ಬಾನೆಟ್ ತೆಗೆದು ಬ್ಯಾಟರಿಯ ತಂತಿಯನ್ನೇ ಕಿತ್ತಳು. ಕಾರು ಸುಮ್ಮನಾಯಿತು. ರಾಣಿ ಕೆಳಗಿಳಿಯುವ ಸಂಭ್ರಮದಲ್ಲಿ ನೆಲ್ಲೆಕೆಯ ಬಟ್ಟೆಗೆ ಬಿಳಿ ಆಶೀರ್ವಾದ ಮಾಡಿದಳು.

"ಅಯ್ಯೋ, ಆ ಅಂಗಿ ಬಿಚ್ಚು, ತೊಳ್ದು ಕೊಡ್ತೀನಿ," ಎಂದು ಗೋಡೆಲೀವ ಅವಳನ್ನು ಒಳಗೆಳೆದು ತನ್ನ ಹೂವಿನ ಅಂಗಿ ತೊಡಿಸಿ, ಮೇಜಿನ ಮುಂದೆ ಕೂರಿಸಿ ಬಿಸಿ ಸೂಪು ಬಡಿಸಿಯೇಬಿಟ್ಟಳು.

ಏಳಬೇಕೆಂದು ನೆಲ್ಲೆಕೆಗೆ ಗೊತ್ತಿತ್ತು. ಆದರೆ ಆರು ವರ್ಷದಿಂದ ಯಾರೂ ಅವಳ ತಟ್ಟೆಗೆ ಏನನ್ನೂ ಬಡಿಸಿರಲಿಲ್ಲ. ಒಂದೇ ಚಮಚ ಎಂದುಕೊಂಡಳು. ಐದನೆಯ ಚಮಚಕ್ಕೆ ಬಾಗಿಲ ಗಂಟೆ ಸದ್ದಾಯಿತು.

ಹದಿನೇಳರ ಬಾಗಿಲು ತಟ್ಟಿ ಸುಸ್ತಾದ ಫೆರ್ನಾಂಡ್, ಎದುರು ಮನೆಯಲ್ಲಿ ವಿಚಾರಿಸಲು ಬಂದಿದ್ದ. "ನೆಲ್ಲೆಕೆ ಅನ್ನೋರು..."

"ನಾನೇ, ನಾನೇ!" ಅವಳು ಚಮಚವನ್ನೇ ಎತ್ತಿ ತೋರಿಸಿದಳು.

ಫೆರ್ನಾಂಡ್ ಒದ್ದೆ ಕೂದಲು ನೋಡಿದ. ಚಪ್ಪಲಿ ನೋಡಿದ. ಹೂವಿನ ಅಂಗಿ, ಸೂಪು, ಕಿಟಕಿಯಾಚೆ ಗೂಡಿನ ಹಿಂದಿದ್ದ ನೀಲಿ ಕಾರು, ಎಲ್ಲವನ್ನೂ ನೋಡಿ ಏನೋ ಬರೆದ. "ಸರಿ ಮೇಡಂ, ಆಯ್ತು. ಇಲ್ಲೊಂದು ಸಹಿ ಹಾಕಿ."

ಕನ್ನಡಕವಿಲ್ಲದ ನೆಲ್ಲೆಕೆ ಅವನ ಬೆರಳಿದ್ದ ಕಡೆ ಸಹಿ ಮಾಡಿದಳು. ಖುಷಿಗೆ ಗೋಡೆಲೀವಳ ಎರಡೂ ಕೆನ್ನೆಗೆ ಮುತ್ತಿಟ್ಟು, ತನ್ನ ಪ್ರತಿ ಹಿಡಿದು ಮನೆಗೆ ಬಂದು ಕನ್ನಡಕ ಏರಿಸಿದಳು.

'ಹದಿನೇಳರಲ್ಲಿ ಯಾರೂ ವಾಸವಿಲ್ಲ. ಅರ್ಜಿದಾರಳು ಹದಿನಾಲ್ಕರಲ್ಲಿ, ಓಮೇರ್ ದಂಪತಿಯ ಜೊತೆ ಒಂದೇ ಸಂಸಾರವಾಗಿ ವಾಸವಾಗಿದ್ದಾಳೆ.'

ಅವಳು ಬೀದಿಯ ತಿರುವಿನಲ್ಲಿ ಅವನ ಸೈಕಲ್ಲಿಗೆ ಅಡ್ಡ ನಿಂತಳು. "ಇದೇನ್ರೀ ಬರ್ದಿದೀರಾ?"

"ಕಣ್ಣಿಗೆ ಕಂಡಿದ್ದು ಬರೀತೀನಿ ಮೇಡಂ. ಊಹೆ ಮಾಡೋದು ನನ್ ಕೆಲ್ಸ ಅಲ್ಲ."

"ತಿದ್ದಿಕೊಡಿ ಮತ್ತೆ!"

"ನೀವು ಸಹಿ ಹಾಕಿದೀರಲ್ಲ, ಆಗಲ್ಲ. ಹದಿನಾಲ್ಕರಿಂದ ಹದಿನೇಳಕ್ಕೆ ಮನೆ ಬದ್ಲಾಯ್ಸಿದೀನಿ ಅಂತ ಹೊಸ ಅರ್ಜಿ ಕೊಡಿ. ಹದಿನೈದು ದಿನದೊಳಗೆ ಬಂದು ನೋಡ್ತೀನಿ. ಅಲ್ಲೀವರ್ಗೂ ಕಾರಿಗೆ ನಂಬರ್ ಸಿಗಲ್ಲ." ಅವನು ಸೈಕಲ್ ಏರಿದ. "ಮನೇಲೇ ಇರಿ, ಆಯ್ತಾ?"

ಅಷ್ಟರಲ್ಲಿ ಹಿಂದಿನಿಂದ ಕಾರು ಮತ್ತೆ ಕಿರುಚಿಕೊಂಡಿತು. ಯಾರೋ ಉಪಕಾರಿ ಬ್ಯಾಟರಿಯ ತಂತಿ ಸಿಕ್ಕಿಸಿದ್ದ.

"ನೆಲ್ಲೆಕೇ! ಬೇಗ ಬಾರಮ್ಮಾ!" ಓಮೇರನ ಕೂಗು ಬೀದಿಗೆಲ್ಲ ಕೇಳಿತು.

"ಹೋಗಿ ಮೇಡಂ," ಎಂದ ಫೆರ್ನಾಂಡ್ ಪೆಡಲ್ ತುಳಿಯುತ್ತ, "ನಿಮ್ಮ ಮನೆ ಮಂದಿ ಕರೀತಿದಾರೆ."