ಕಾಸೆಲ್ ಗುಡ್ಡದ ಪೈಲ್ವಾನ

ಜರ್ಮನಿಯಲ್ಲಿ ಹರ್ಕ್ಯುಲೀಸನಿಗೆ ತೆಂಗಿನಕಾಯಿ ಒಡೆದ ಏಕೈಕ ಭಕ್ತರು ನಮ್ಮ ಭಾವ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ! ನಂಬದವರು ಕಾಸೆಲ್ ಊರಿಗೆ ಹೋಗಿ ಅಲ್ಲಿಯ ಕಾವಲುಗಾರನನ್ನೇ ಕೇಳಿಕೊಳ್ಳಲಿ.

ಆಗ ಗ್ರೀನ್ ಕಾರ್ಡಿನ ಕಾಲ. ಕಂಪ್ಯೂಟರ್ ಬಲ್ಲವರು ಬನ್ನಿ ಎಂದು ಜರ್ಮನಿ ಕರೆದದ್ದೇ ತಡ, ನಾನು ಹುಬ್ಬಳ್ಳಿಯಿಂದ ಗಂಟುಮೂಟೆ ಕಟ್ಟಿದೆ. ಅಕ್ಕ, ಭಾವ ಮೊದಲೇ ಕಾಸೆಲ್‌ನಲ್ಲಿದ್ದರು. ಅವರ ಮನೆಯಲ್ಲೇ ನನ್ನ ಠಿಕಾಣಿ. ಭಾವ ಕಾರಿನ ಗೇರ್‌ಬಾಕ್ಸ್ ಎಂಜಿನಿಯರ್. ಆದರೆ ಒಳಗೆ ಅಪ್ಪಟ ಗರಡಿಮನೆಯ ಆಸಾಮಿ! ಬೆಳಗಾದರೆ ಬಾಲ್ಕನಿಯಲ್ಲಿ ದಂಡ, ಬಸ್ಕಿ. ಎದುರು ಮನೆಯವರು ಪರದೆ ಸರಿಸಿ ನೋಡಿ, ಮತ್ತೆ ಎಳೆದುಕೊಳ್ಳುತ್ತಿದ್ದರು.

ಊರ ಗುಡ್ಡದ ಮೇಲೆ ಹರ್ಕ್ಯುಲೀಸನ ದೊಡ್ಡ ತಾಮ್ರದ ಮೂರ್ತಿಯಿದೆ. ಗ್ರೀಕರ ಪುರಾಣದ ಮಹಾಬಲಶಾಲಿ, ಬರಿಗೈಯಲ್ಲಿ ಸಿಂಹವನ್ನು ಕೊಂದವನು, ದೊಣ್ಣೆಗೆ ಒರಗಿ ಊರನ್ನು ನೋಡುತ್ತಾ ನಿಂತಿದ್ದಾನೆ. ನನ್ನನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ದ ಭಾವ, ಬೂಟು ಕಳಚಿ ಕೈಮುಗಿದೇಬಿಟ್ಟರು!

"ಕೈಯಾಗ ಗದಾ ಐತಿ, ಗುಡ್ಡದ ಮ್ಯಾಲ ನಿಂತಾನ. ನಮ್ಮ ಹಣಮಪ್ಪ ಅಲ್ಲದ ಮತ್ಯಾರಲೇ ತಮ್ಮಾ?"

"ಬಾಲ ಎಲ್ಲೈತ್ರಿ ಭಾವಾ?"

"ದೇವರನ್ನ ಹಂಗೆಲ್ಲಾ ತಪಾಸ ಮಾಡಬಾರದು!"

ಈ ಭಕ್ತಿಗೆ ಕಾರಣವಿತ್ತು. ಅಕ್ಕ ಬಸುರಿ. ಹಿಂದೆ ಎರಡು ಸಲ ಕೂಸು ನಿಂತಿರಲಿಲ್ಲ. ಇದಾದರೂ ಉಳಿಯಲಿ ಎಂದು ಭಾವ ಶನಿವಾರಕ್ಕೊಂದು ಕಾಯಿಯ ಹರಕೆ ಹೊತ್ತಿದ್ದರು. ಅಕ್ಕನಿಗೆ ನಗು. "ಹರಕಿ ಹೊರೂದಾದ್ರ ಮದ್ಲ ಆ ದೇವರಿಗೊಂದು ಧೋತರಾ ಉಡಸ್ರಿ. ಇಂಥಾ ಥಂಡ್ಯಾಗ ಹಂಗ ನಿಂತಾನ ಪಾಪ!"

ಮೊದಲ ಕಾಯಿ ಒಡೆದ ಸದ್ದಿಗೆ ಕಾವಲುಗಾರ "ಫೆರ್ಬೋಟನ್!" ಎಂದು ಕೂಗುತ್ತಾ ಓಡಿಬಂದ. ನಿಷಿದ್ಧ ಎಂದರ್ಥ. ಆ ದೇಶದ ಕೂಸುಗಳು ಅಮ್ಮಾ ಎನ್ನುವ ಮೊದಲೇ ಇದನ್ನು ಕಲಿಯುತ್ತವೆಂದು ನನ್ನ ಗುಮಾನಿ! ಭಾವ ಅವನ ಅಂಗೈಗೆ ಒಂದು ಚೂರು ಕೊಬ್ಬರಿ, ಚಿಟಿಕೆ ಸಕ್ಕರೆ ಇಟ್ಟರು. ಅಗಿದ. ಯೋಚಿಸಿದ. ಮುಂದಿನ ಶನಿವಾರ ಬಕೆಟ್ ಹಿಡಿದು ನಮಗಾಗಿ ಕಾಯುತ್ತಿದ್ದ. ಚೂರು ಸಿಡಿಯಬಾರದು, ಇದರೊಳಗೇ ಒಡೆಯಬೇಕಂತೆ!

ಭಾವ ಹರ್ಕ್ಯುಲೀಸನ ಕಥೆಗಳನ್ನೆಲ್ಲ ಓದತೊಡಗಿದರು. ವರ್ಷಗಟ್ಟಲೆ ಸಗಣಿ ಬಾಚದ ಅರಸನ ಕೊಟ್ಟಿಗೆಯನ್ನು ಅವನು ನದಿಯನ್ನೇ ತಿರುಗಿಸಿ ತೊಳೆದನಂತೆ. ಅದನ್ನು ಓದಿದ ವಾರವೇ ಕಟ್ಟಡದ ಮೆಟ್ಟಿಲು ಒರೆಸುವ ಸರದಿ ನಮ್ಮದಾಗಬೇಕೆ? ಜರ್ಮನ್ನರು ಹಿಂಡಿದ ಬಟ್ಟೆಯಲ್ಲಿ ಮೆಲ್ಲಗೆ ಒರೆಸುವ ಮರದ ಮೆಟ್ಟಿಲು ಅದು. ಭಾವ ಪ್ಯಾಂಟು ಮಡಚಿ, ಮೇಲಿನ ಮಹಡಿಯಿಂದ ಬಕೆಟ್ಟುಗಟ್ಟಲೆ ನೀರು ಹೊಯ್ದು, ಕಸಬರಿಗೆ ಹಿಡಿದು ಅಂಗಳ ತೊಳೆಯುವ ಹಾಗೆ ಇಳಿದರು! ಕೆಳಮನೆಯ ಮುದುಕಿ ಬಾಗಿಲು ತೆರೆದಾಗ ಆಕೆಯ ಕಾಲೊರಸು ಬೀದಿಯ ಕಡೆ ಪ್ರಯಾಣ ಹೊರಟಿತ್ತು.

"ಅರಸನ ಕೊಟ್ಟಿಗ್ಯಾಗ ಕಾಲೊರಸು ಇರಲಿಲ್ಲ ಕಾಣತೈತಿ," ಎಂದರು ಭಾವ.

ಹುಟ್ಟುವ ಪೈಲ್ವಾನನಿಗೆಂದು ಅಂಗೈಯಗಲದ ಕೆಂಪು ಲಂಗೋಟಿ ಕೂಡ ಹೊಲಿದಾಗಿತ್ತು!

ಹುಟ್ಟಿದ್ದು ಹುಡುಗಿ. ಅದೂ ಎರಡು ತಿಂಗಳು ಮೊದಲೇ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ, ಮೈತುಂಬ ನಳಿಗೆ ಚುಚ್ಚಿಸಿಕೊಂಡ ಹಿಡಿಯಷ್ಟು ಜೀವ. ಉಳಿಯುತ್ತಾಳೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಭಾವ ದಿನವೂ ಗಾಜಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ನರ್ಸು ಬಂದು, ಅಪ್ಪನ ಎದೆಯ ಕಾವು ಕೂಸಿಗೆ ಒಳ್ಳೆಯದು, ಅಂಗಿ ಬಿಚ್ಚಿ ಕುಳಿತುಕೊಳ್ಳಿ ಎಂದಳು. ಭಾವ ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡರು.

"ಬ್ಯಾಡಂತ ಹೇಳಲೇ ತಮ್ಮಾ ಆಕಿಗೆ. ನನ್ನ ಕೈ ಭಾಳ ಒರಟ ಅದಾವ. ಕೂಸಿಗೆ ಏನರ ಆತಂದ್ರ?"

ಅವರು ಹೆದರಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ನರ್ಸು ಕೇಳಲಿಲ್ಲ, ಕೂರಿಸಿ, ಕೂಸನ್ನು ಎದೆಯ ಮೇಲೆ ಮಲಗಿಸಿಯೇಬಿಟ್ಟಳು. ಭಾವ ಉಸಿರು ಬಿಗಿಹಿಡಿದರು. ಕೂಸು ಮಿಸುಕಾಡಿ, ಅವರ ಎದೆಗೆ ಕೆನ್ನೆಯೊತ್ತಿ ನಿದ್ದೆಹೋಯಿತು. ಅಷ್ಟು ದಿನ ಏರುಪೇರಾಗುತ್ತಿದ್ದ ಅದರ ಉಸಿರು ನಿಧಾನಕ್ಕೆ ಹದಕ್ಕೆ ಬಂತು. ಯಂತ್ರ ನೋಡಿದ ನರ್ಸು ನಕ್ಕಳು.

ಭಾವನ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈಯೆತ್ತಿದರೆ ಕೂಸು ಎದ್ದೀತೆಂಬ ಭಯ. ನಾನೇ ಒರೆಸಿದೆ.

"ಭಾಳ ಭಾರ ಅದಾಳಲೇ," ಎಂದರು.

"ಕೊಡ್ರಿ ಭಾವಾ, ಸ್ವಲ್ಪ ನಾ ಹಿಡೀತೀನಿ."

ಕೊಡಲಿಲ್ಲ.